‘ಸಂಬಂಧ’ ಎಂಬ ಕಾಲಮಿನಲ್ಲಿ ಏನು ಬರೆಯಬೇಕು? – ಓದುಗರ ಪ್ರಶ್ನೆ, ವಕೀಲರ ಉತ್ತರ

ಕಳೆದ ಸಂಚಿಕೆಯಲ್ಲಿ ವಿಶೇಷ ವಿವಾಹ ಕಾಯ್ದೆಯ, ಅಂದರೆ ಜಾತಿ-ಧರ್ಮ ನೋಡದೆ ಸರ್ಕಾರಿ ಕಚೇರಿಯಲ್ಲಿ ಮದುವೆಯಾಗಲು ಇರುವ ಕಾನೂನಿನ, ನೋಂದಣಿಯ ಬಗ್ಗೆ ಬರೆಯುವಾಗ ಸಲಿಂಗ ವಿವಾಹದ ತೀರ್ಪನ್ನು ಒಂದೇ ಒಂದು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಬೈದು ಬರೆದವರಿದ್ದಾರೆ, ಹೆಸರು ಹಾಕಬೇಡಿ ಎಂದು ಬೇಡಿಕೊಂಡು ಬರೆದವರೂ ಇದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟು, ಯಾರ ಹೆಸರನ್ನೂ ಹಾಕದೆ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2023ರಲ್ಲಿ ಅದೇ ನ್ಯಾಯಾಲಯ ಮದುವೆ ಆಗುವಂತಿಲ್ಲ ಎಂದಿತು. ತಪ್ಪಲ್ಲದ ಸಂಬಂಧಕ್ಕೆ ಮದುವೆ ಏಕಿಲ್ಲ, ಮದುವೆ ಇಲ್ಲದಿದ್ದರೆ ಅದು ತಪ್ಪಲ್ಲ ಎಂದದ್ದೇಕೆ? ನಿವೃತ್ತ ಶಿಕ್ಷಕಿಯಾದ ನನಗೆ ಈ ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತಿಲ್ಲ. (ಸಾಗರ)

ಉತ್ತರ: ಮೇಡಂ, ಎರಡೂ ತೀರ್ಪುಗಳ ಮುಂದೆ ಇದ್ದ ಪ್ರಶ್ನೆಗಳೇ ಬೇರೆ ಬೇರೆ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು, ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ಕೂಡಿಕೊಂಡ ವಯಸ್ಕರ ಮೇಲೆ ಬ್ರಿಟಿಷರ ಕಾಲದ ದಂಡಸಂಹಿತೆಯ 377ನೇ ಕಲಮನ್ನು ಪ್ರಯೋಗಿಸುವಂತಿಲ್ಲ ಎಂದು, ಅಂದರೆ ಅವರ ಮನೆಬಾಗಿಲಿಗೆ ಪೊಲೀಸರು ಬರುವಂತಿಲ್ಲ ಎಂದು. ಆ ದಂಡಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಕಲಮೇ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನ ಮುಂದೆ ಇದ್ದದ್ದು ಆ ಬಾಗಿಲಿನ ಒಳಗಿರುವ ಇಬ್ಬರನ್ನು ಸರ್ಕಾರ ಒಂದು ಕುಟುಂಬವೆಂದು ತನ್ನ ದಫ್ತರದಲ್ಲಿ ಬರೆದುಕೊಳ್ಳಬೇಕೇ ಎಂಬ ಪ್ರಶ್ನೆ.

ದಫ್ತರದಲ್ಲಿ ಬರೆದುಕೊಂಡರೆ ಏನು, ಬಿಟ್ಟರೆ ಏನು ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನನ್ನ ಕಕ್ಷಿದಾರರೊಬ್ಬರು ಫೋನ್ ಮಾಡಿದ್ದರಿಂದ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಇಬ್ಬರು ಹೆಂಗಸರು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಮನೆ, ಒಂದೇ ಅಡುಗೆ. ಒಬ್ಬರಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಒಪ್ಪಿಗೆ ಪತ್ರದಲ್ಲಿ ‘ರೋಗಿಯೊಂದಿಗೆ ಇರುವ ಸಂಬಂಧ’ ಎಂಬ ಕಾಲಮಿನಲ್ಲಿ ಇನ್ನೊಬ್ಬರು ‘ಗೆಳತಿ’ ಎಂದು ಬರೆದಿದ್ದರು. ಕೌಂಟರಿನಲ್ಲಿದ್ದ ಹುಡುಗ ಅದರ ಮೇಲೊಂದು ಅಡ್ಡಗೆರೆ ಎಳೆದು, ರಕ್ತಸಂಬಂಧಿಕರು ಯಾರಾದರೂ ಬರಲಿ ಎಂದ. ಹದಿನೈದು ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಹೇಳಿಕಳಿಸಬೇಕಾಯಿತು. ಅವರು ಬೆಳಗಿನ ಜಾವ ನಾಲ್ಕಕ್ಕೆ ಬಂದು ಹೊಸ ಫಾರಂ ತುಂಬಲು ಕುಳಿತರು. ತಂಗಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ, ಹಿಂದೆ ಆಪರೇಷನ್ ಆಗಿದೆಯೇ ಎಂಬ ಒಂದೊಂದನ್ನೂ ಪಕ್ಕದಲ್ಲಿ ನಿಂತಿದ್ದ ಆ ಗೆಳತಿಯನ್ನೇ ಕೇಳಿ ಬರೆದುಕೊಂಡರು. ಪೆನ್ನು ಅವರ ಕೈಯಲ್ಲಿ, ಉತ್ತರವೆಲ್ಲ ಇವರ ಬಾಯಲ್ಲಿ. ಮದುವೆಯ ಪ್ರಮಾಣಪತ್ರವಿದ್ದಿದ್ದರೆ ಆ ಕಾಲಮಿನಲ್ಲಿ ಬರೆಯುವುದಕ್ಕೆ ಒಂದು ಪದ ಇರುತ್ತಿತ್ತು. ಅಪರಿಚಿತರಿಬ್ಬರನ್ನು ಒಂದು ಸಹಿಯಿಂದ ಬಂಧುಗಳನ್ನಾಗಿ ಮಾಡುವ ಶಕ್ತಿ ನಮ್ಮ ಕಾನೂನಿನಲ್ಲಿ ಮದುವೆ ಮತ್ತು ದತ್ತು ಇವೆರಡಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಇಲ್ಲ. ವಾದವೆಲ್ಲ ನಡೆಯುತ್ತಿರುವುದು ಈ ಶಕ್ತಿಯ ಬಗ್ಗೆ, ತಾಳಿ-ಓಲಗದ ಬಗ್ಗೆ ಅಲ್ಲ.

ಈಗ ತೀರ್ಪಿಗೆ ಬರೋಣ. ‘ಮೂವರು ಬೇಡ ಎಂದರು, ಇಬ್ಬರು ಬೇಕು ಎಂದರು’ ಎಂಬ ಮಾತು ಜನರ ಬಾಯಲ್ಲಿ ಓಡಾಡುತ್ತಿದೆ, ಅದು ಅರ್ಧ ಸತ್ಯ. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂಬುದನ್ನೂ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಿ ಬರೆಯಲಾಗದು ಎಂಬುದನ್ನೂ ಐವರೂ ಒಪ್ಪಿದರು. ಆ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ಎಂದು ವಯಸ್ಸು ಹೇಳುತ್ತದೆ, ವಿಚ್ಛೇದನದ ಕೆಲವು ಕಾರಣಗಳನ್ನು ಹೆಂಡತಿಗೆ ಮಾತ್ರ ಕೊಡುತ್ತದೆ, ಜೀವನಾಂಶವನ್ನು ಹೆಂಡತಿಗೆ ಎನ್ನುತ್ತದೆ, ಉತ್ತರಾಧಿಕಾರದ ಬೇರೆ ಕಾನೂನುಗಳಿಗೆ ಗಂಟು ಹಾಕಿಕೊಂಡಿದೆ. ಗಂಡು, ಹೆಣ್ಣು ಎಂದಿರುವಲ್ಲಿ ‘ವ್ಯಕ್ತಿ’ ಎಂಬ ಒಂದು ಪದವನ್ನು ತುರುಕಿದರೆ ನೂರು ಕಡೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಭಿನ್ನಾಭಿಪ್ರಾಯ ಬಂದದ್ದು ಇದರ ನಂತರ. ಮದುವೆ ಎಂಬ ಹೆಸರಿಲ್ಲದಿದ್ದರೂ ಇಬ್ಬರು ಕೂಡಿ ಬಾಳುವ ಒಪ್ಪಂದವನ್ನು ಸರ್ಕಾರ ಮಾನ್ಯ ಮಾಡಬೇಕು, ಜೋಡಿಯಾಗಿ ದತ್ತು ಪಡೆಯಲು ಬಿಡಬೇಕು ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಬರೆದರು. ನ್ಯಾಯಮೂರ್ತಿ ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ನರಸಿಂಹ ಅದನ್ನು ಒಪ್ಪಲಿಲ್ಲ. 2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಕಾಯ್ದೆಯ ಹೊಲಿಗೆ ಬಿಚ್ಚುವುದು ಸಂಸತ್ತಿನ ಕೆಲಸ ಎಂಬ ಮಾತನ್ನು ವಕೀಲಿ ಮಾಡುವ ನಾನು ತಳ್ಳಿಹಾಕಲಾರೆ. ಆದರೆ ಭವಿಷ್ಯನಿಧಿಯಂಥ ಸವಲತ್ತುಗಳಲ್ಲಿ ಈ ಜೋಡಿಗಳಿಗೆ ಅನ್ಯಾಯವಾಗುತ್ತಿದೆ ಎಂದು ಬಹುಮತದ ತೀರ್ಪೇ ಒಪ್ಪಿಕೊಂಡು, ಪರಿಹಾರವನ್ನು ಮಾತ್ರ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿಯ ಕೈಗೆ ಬಿಟ್ಟಿತು. ಗಾಯವನ್ನು ಗುರುತಿಸಿದ ಮೇಲೆ ಮದ್ದಿನ ಚೀಟಿಯನ್ನೂ ಬರೆಯಬಹುದಿತ್ತು ಎಂಬುದು ನನ್ನ ತಕರಾರು.

ಪ್ರಶ್ನೆ: ಇವರು ಇರುವುದೇ ಬೆರಳೆಣಿಕೆಯಷ್ಟು ಮಂದಿ. ಅಷ್ಟು ಜನರಿಗಾಗಿ ಇಡೀ ಸಮಾಜ ಮದುವೆಯ ಅರ್ಥವನ್ನೇ ಬದಲಿಸಿಕೊಳ್ಳಬೇಕೇ? ಇದು ಹೊರದೇಶದಿಂದ ಬಂದ, ದೊಡ್ಡ ಊರಿನವರ ಚಾಳಿ ಅಲ್ಲವೇ? (ದಾವಣಗೆರೆ)

ಉತ್ತರ: ಎಣಿಕೆಯ ವಾದವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಒಮ್ಮೆ ಎತ್ತಿ, ಆಮೇಲೆ ತಾನೇ ಕೈಬಿಟ್ಟಿದೆ. 2013ರ ಡಿಸೆಂಬರ್ 11ರಂದು 377ನೇ ಕಲಮನ್ನು ಎತ್ತಿಹಿಡಿದ ಇಬ್ಬರು ನ್ಯಾಯಮೂರ್ತಿಗಳ ಪೀಠ, ಇವರು ಜನಸಂಖ್ಯೆಯ ಅತ್ಯಲ್ಪ ಭಾಗ, ನೂರೈವತ್ತು ವರ್ಷಗಳಲ್ಲಿ ಈ ಕಲಮಿನಡಿ ಮೊಕದ್ದಮೆ ಎದುರಿಸಿದವರು ಇನ್ನೂರು ಮಂದಿಯೂ ಇಲ್ಲ ಎಂದು ಬರೆಯಿತು. ಆ ಮಾತನ್ನು ಅಳಿಸಿದ ತೀರ್ಪಿನ ಹಿಂದೆ ಇದ್ದವರು ನಮ್ಮವರೇ. ಬೆಂಗಳೂರಿನಲ್ಲಿ ನೆಲೆಸಿದ್ದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಚಾರವಾಗಿ ಅರ್ಜಿ ಹಾಕಿದ್ದರು. ಅದರಿಂದ ಹುಟ್ಟಿದ 2017ರ ಆಗಸ್ಟ್ 24ರ ಖಾಸಗಿತನದ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಹಕ್ಕುದಾರರು ಕೆಲವರೇ ಎಂಬುದು ಹಕ್ಕನ್ನು ನಿರಾಕರಿಸಲು ಕಾರಣವಾಗದು ಎಂದು ಸ್ಪಷ್ಟಪಡಿಸಿತು. ಮಾರನೆಯ ವರ್ಷ 377 ಬಿದ್ದದ್ದು ಇದರ ಬಲದಿಂದಲೇ. ಆಧಾರ್ ಕಾರ್ಡಿನ ತಕರಾರು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ! ಬಹುಮತ ಇದ್ದವರಿಗೆ ಮೂಲಭೂತ ಹಕ್ಕುಗಳ ಅಧ್ಯಾಯದ ಅಗತ್ಯವೇ ಬೀಳುವುದಿಲ್ಲ, ಅವರಿಗೆ ಶಾಸನಸಭೆಯೇ ಸಾಕು.

ಹೊರದೇಶದ ಚಾಳಿ ಎಂಬ ಮಾತಿಗೆ ಬಂದರೆ, ಹೊರದೇಶದಿಂದ ಬಂದದ್ದು 377ನೇ ಕಲಮು ಇದ್ದ 1860ರ ದಂಡಸಂಹಿತೆ. ನಮ್ಮ ಬಳ್ಳಾರಿ, ಬೆಳಗಾವಿ ಸೀಮೆಯಲ್ಲಿ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಚೌಡಿಕೆ ಹಿಡಿದ ಜೋಗಪ್ಪಗಳನ್ನು ಕಂಡು ಯಾರೂ ಅದನ್ನು ಆಮದು ಎನ್ನಲಿಲ್ಲ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದು ರಾಷ್ಟ್ರಪತಿಗಳ ಮುಂದೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಲಿಂಗತ್ವದ ಪ್ರಶ್ನೆಯೂ ಸಲಿಂಗ ಪ್ರೇಮದ ಪ್ರಶ್ನೆಯೂ ಒಂದೇ ಅಲ್ಲ ಎಂಬುದು ನನಗೆ ಗೊತ್ತು. ಆದರೆ ನಮ್ಮ ಊರುಗಳಿಗೆ ಗಂಡು-ಹೆಣ್ಣು ಎಂಬ ಎರಡೇ ಗೂಡು ಗೊತ್ತಿತ್ತು ಎಂಬುದು ಸುಳ್ಳು. ಇನ್ನು ದೊಡ್ಡ ಊರಿನವರದು ಎಂಬ ಮಾತನ್ನು ಕೇಂದ್ರ ಸರ್ಕಾರವೂ 2023ರಲ್ಲಿ ನ್ಯಾಯಾಲಯದ ಮುಂದೆ ಹೇಳಿತ್ತು, ಮುಖ್ಯ ನ್ಯಾಯಮೂರ್ತಿ ತಮ್ಮ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ನನ್ನ ಕಚೇರಿಗೆ ಬರುವವರಲ್ಲಿ ತಾಲೂಕು ಕೇಂದ್ರಗಳಿಂದ ರಾತ್ರಿ ಬಸ್ಸು ಹಿಡಿದು ಬಂದವರೇ ಜಾಸ್ತಿ, ಏಕೆಂದರೆ ಊರಿನಲ್ಲಿ ಯಾವ ವಕೀಲರ ಮೆಟ್ಟಿಲು ಹತ್ತಿದರೂ ಸಂಜೆಯೊಳಗೆ ಅದು ಹೋಟೆಲಿನ ಮೇಜಿಗೆ ಬರುತ್ತದೆ.

ಮದುವೆಯ ಅರ್ಥ ಬದಲಾಗುತ್ತದೆ ಎಂಬ ನಿಮ್ಮ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಈಗಾಗಲೇ ಎಷ್ಟು ಸಲ ಬದಲಾಗಿದೆ ಎಂಬುದನ್ನೂ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ನಡೆದ ಮದುವೆಗೆ ಧರ್ಮದ ಹೆಸರಿನಲ್ಲೇ ಎಳೆಹೂಟೆಯ ಶಿಕ್ಷೆಯಾಯಿತು ಎಂಬುದು ನಾವು ಕೇಳುತ್ತ ಬಂದ ಕಥೆ. ಅಷ್ಟು ಹಿಂದೆ ಹೋಗುವುದೂ ಬೇಡ. 1872ರ ವಿಶೇಷ ವಿವಾಹ ಕಾಯ್ದೆಯ ಮೊದಲ ರೂಪದಡಿ ಮದುವೆಯಾಗಲು ಜಾತಿ ಮೀರಿದ ಹಿಂದೂ ಜೋಡಿ, ತಾವು ಹಿಂದೂ ಧರ್ಮವನ್ನು ಪಾಲಿಸುವವರಲ್ಲ ಎಂದು ಘೋಷಿಸಬೇಕಿತ್ತು. ಅದು ಸಡಿಲವಾದದ್ದು 1923ರಲ್ಲಿ. ಅಂತರ್ಜಾತಿ ಹಿಂದೂ ಮದುವೆಗಳೆಲ್ಲ ಸಿಂಧು ಎಂದು ಪ್ರತ್ಯೇಕ ಕಾಯ್ದೆಯೊಂದನ್ನು ತರಬೇಕಾದದ್ದು 1949ರಲ್ಲಿ. ಈ ಒಂದೊಂದು ಹೆಜ್ಜೆಯ ಹಿಂದೆಯೂ ಮದುವೆ ಎಂಬುದೇ ಉಳಿಯುವುದಿಲ್ಲ ಎಂಬ ಕೂಗು ಇದ್ದೇ ಇತ್ತು. ಅವೆಲ್ಲ ಗಂಡು ಹೆಣ್ಣಿನ ಮದುವೆಗಳು ತಾನೇ ಎಂದು ನೀವು ಹೇಳುತ್ತೀರಿ, ಹೌದು. ಆದರೆ ಆಗ ಅಡ್ಡ ನಿಂತವರಿಗೆ ಜಾತಿ ಎಂಬುದು ಲಿಂಗಕ್ಕಿಂತ ಕಡಿಮೆ ಸಹಜವಾಗಿ ಕಂಡಿರಲಿಲ್ಲ.

ಪ್ರಶ್ನೆ: ನಾನು ಪೌರೋಹಿತ್ಯ ಮಾಡುವವನು. ನಾಳೆ ಕಾನೂನು ಬಂದರೆ ಇಂಥ ಮದುವೆ ಮಾಡಿಸಲೇಬೇಕು ಎಂದು ನಮ್ಮನ್ನು ಒತ್ತಾಯಿಸಬಹುದೇ? (ಉಡುಪಿ)

ಉತ್ತರ: ಇಲ್ಲ. ಅರ್ಜಿದಾರರು ಮುಖ್ಯವಾಗಿ ಕೇಳಿದ್ದೂ, ವಿಚಾರಣೆ ನಡೆದದ್ದೂ ವಿಶೇಷ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮೇಜಿನ ಮೇಲೆ ಆಗುವ ಮದುವೆಯ ಬಗ್ಗೆ. ನ್ಯಾಯಾಲಯ ಧಾರ್ಮಿಕ ವಿವಾಹ ಕಾನೂನುಗಳಿಗೆ ಕೈ ಹಾಕುವುದಿಲ್ಲ ಎಂದು ವಿಚಾರಣೆಯ ಆರಂಭದಲ್ಲೇ ಹೇಳಿತ್ತು. ಇಂದು ಅಂತರ್ಧರ್ಮೀಯ ಮದುವೆ ಮಾಡಿಸಿ ಎಂದು ನಿಮ್ಮನ್ನು ಯಾರೂ ಒತ್ತಾಯಿಸಲಾರರು, ಅದು ಇದಕ್ಕೂ ಅನ್ವಯ.

ಪ್ರಶ್ನೆ: ತೃತೀಯ ಲಿಂಗಿಗಳ ಮದುವೆಗೂ ಈ ತೀರ್ಪು ಅಡ್ಡಿಯೇ? (ಹೊಸಪೇಟೆ)

ಉತ್ತರ: ಅಡ್ಡಿಯಲ್ಲ. ಟ್ರಾನ್ಸ್ ಮಹಿಳೆಯೊಬ್ಬರು ಪುರುಷನನ್ನು, ಅಥವಾ ಟ್ರಾನ್ಸ್ ಪುರುಷರೊಬ್ಬರು ಮಹಿಳೆಯನ್ನು ಮದುವೆಯಾಗಲು ಈಗಿರುವ ಕಾನೂನುಗಳಲ್ಲೇ ಅವಕಾಶವಿದೆ ಎಂದು ಐವರು ನ್ಯಾಯಮೂರ್ತಿಗಳೂ ಒಪ್ಪಿದ್ದಾರೆ. ‘ವಧು’ ಎಂಬ ಪದದಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಉದ್ಯೋಗದ ವಿಷಯದಲ್ಲಿ ನಮ್ಮ ರಾಜ್ಯ ಮುಂದಿದೆ: ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ವರ್ಗಗಳೊಳಗೂ ಶೇ 1ರ ಸಮತಲ ಮೀಸಲಾತಿಯನ್ನು 2021ರಲ್ಲಿ ಮೊದಲು ತಂದದ್ದು ಕರ್ನಾಟಕ.

ಪ್ರಶ್ನೆ: ನನ್ನ ಮಗನಿಗೆ 28 ವರ್ಷ. ತನಗೆ ಹುಡುಗಿಯರಲ್ಲಿ ಆಸಕ್ತಿ ಇಲ್ಲವೆಂದು ಹೋದ ದೀಪಾವಳಿಗೆ ಬಂದಾಗ ನನಗೊಬ್ಬಳಿಗೇ ಹೇಳಿದ. ಅವರ ಅಪ್ಪನಿಗೆ ಗೊತ್ತಿಲ್ಲ. ನನ್ನ ತಂಗಿ, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾಳೆ. ಸಂಬಂಧಗಳೂ ಬರುತ್ತಿವೆ. ಏನು ಮಾಡಲಿ? (ಹುಬ್ಬಳ್ಳಿ)

ಉತ್ತರ: ತಾಯಿ, ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆ ನಿಮ್ಮ ತಂಗಿಯ ಮನಸ್ಸಿನಲ್ಲಿರಬಹುದು. ಆದರೆ ಇದು ಹುಚ್ಚೂ ಅಲ್ಲ, ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ, ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಹಾಗೆಯೇ ಹೇಳಿದೆ. ಬದಲಾಯಿಸಿಕೊಡುತ್ತೇವೆ ಎಂದು ‘ಚಿಕಿತ್ಸೆ’ ಕೊಡುವುದನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಆದ್ದರಿಂದ ಜಾಹೀರಾತು ನೋಡಿ ಯಾರ ಬಳಿಯೂ ಕರೆದೊಯ್ಯಬೇಡಿ.

ಮದುವೆ ಮಾಡಿದರೆ ಎರಡು ಜೀವ ಕೆಡುತ್ತವೆ, ಅದರಲ್ಲಿ ಒಂದು ಏನೂ ಅರಿಯದ ಹೆಣ್ಣುಮಗಳದು. ನನ್ನ ಮುಂದೆ ಕುಳಿತು ‘ಆರು ತಿಂಗಳು ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ’ ಎಂದು ಅತ್ತ ಹುಡುಗಿಯರನ್ನು ನಾನು ಕಂಡಿದ್ದೇನೆ. ಕಾನೂನೂ ಅವರ ಪರವಾಗಿದೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ವಂಚನೆ ಎನಿಸಿ, ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆಯನ್ನು ರದ್ದುಮಾಡಿ ಎಂದು ಆಕೆ ಕೇಳಬಹುದು. ಆಗ ಗೊತ್ತಿದ್ದೂ ಹೇಳದವರಲ್ಲಿ ನಿಮ್ಮ ಹೆಸರೂ ಇರುತ್ತದೆ. ಬರುವ ಸಂಬಂಧಗಳಿಗೆ ‘ಈಗ ಬೇಡ ಅನ್ನುತ್ತಿದ್ದಾನೆ’ ಎಂದಷ್ಟೇ ಹೇಳಿ ಕಳಿಸಿ. ಅಪ್ಪನಿಗೆ ಯಾವಾಗ ಹೇಳಬೇಕು ಎಂಬುದನ್ನು ಮಗನೇ ತೀರ್ಮಾನಿಸಲಿ. ನಿಮಗೊಬ್ಬರಿಗೇ ಹೇಳಿದ್ದಾನೆ ಎಂದರೆ ನಿಮ್ಮ ಮೇಲೆ ಅವನಿಗೆ ಎಷ್ಟು ಭರವಸೆ ಇದೆ ಎಂದು ಯೋಚಿಸಿ.

ಪ್ರಶ್ನೆ: ನಾವಿಬ್ಬರು ಗಂಡಸರು ಆರು ವರ್ಷದಿಂದ ಒಟ್ಟಿಗೆ ಬಾಳುತ್ತಿದ್ದೇವೆ. ಸಂಸತ್ತು ಕಾನೂನು ಮಾಡುವವರೆಗೆ ಕಾದು ಕೂರಲಾಗದು. ಈಗಿರುವ ಕಾನೂನಿನಲ್ಲೇ ನಾವು ಏನೇನು ಮಾಡಿಕೊಳ್ಳಬಹುದು? (ಬೆಂಗಳೂರು)

ಉತ್ತರ: ಮದುವೆಯ ಒಂದು ಕಾಗದ ಮಾಡುವ ಕೆಲಸವನ್ನು ನೀವು ಎಂಟು ಹತ್ತು ಕಾಗದಗಳಿಂದ ಮಾಡಿಕೊಳ್ಳಬೇಕು, ಅದೂ ಅರೆಬರೆಯಾಗಿ. ಆದರೂ ಮಾಡಿಕೊಳ್ಳಿ.

ಎಲ್ಲಕ್ಕೂ ಮೊದಲು ಇಬ್ಬರೂ ಉಯಿಲು ಬರೆಯಿರಿ. ಉಯಿಲಿಲ್ಲದೆ ಮದುವೆಯಾಗದ ಹಿಂದೂ ಪುರುಷ ತೀರಿಕೊಂಡರೆ ಆಸ್ತಿ ಮೊದಲು ತಾಯಿಗೆ, ಆಕೆ ಇಲ್ಲದಿದ್ದರೆ ತಂದೆಗೆ, ಆಮೇಲೆ ಒಡಹುಟ್ಟಿದವರಿಗೆ ಹೋಗುತ್ತದೆ. ಸಂಗಾತಿ ಆ ಸಾಲಿನಲ್ಲಿ ಎಲ್ಲೂ ಇಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ನಿಮ್ಮಂಥವರ ಉಯಿಲನ್ನು ಮನೆಯವರು ಪ್ರಶ್ನಿಸುವ ಸಂಭವ ಹೆಚ್ಚಾದ್ದರಿಂದ ನೋಂದಣಿ ಮಾಡಿಸಿ. ಮನೆಯವರಿಗೆ ಕೊಡದೆ ಸಂಗಾತಿಗೆ ಏಕೆ ಕೊಡುತ್ತಿದ್ದೀರಿ ಎಂಬುದನ್ನು ಎರಡು ಸಾಲಿನಲ್ಲಾದರೂ ನಿಮ್ಮ ಮಾತಿನಲ್ಲೇ ಬರೆಯಿರಿ, ಇಂಥ ದಾವೆಗಳಲ್ಲಿ ಅದು ತುಂಬ ನೆರವಾಗುತ್ತದೆ.

ನಾಮಿನಿ ಮಾಡಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಸಾಲದು. ನಾಮಿನಿ ಹಣ ಪಡೆಯಲು ಹಕ್ಕುಳ್ಳವನೇ ಹೊರತು ಸಾಮಾನ್ಯವಾಗಿ ಅದರ ಒಡೆಯನಲ್ಲ, ವಾರಸುದಾರರು ಕೇಳಿದರೆ ಕೊಡಬೇಕಾಗುತ್ತದೆ. ಜೀವವಿಮೆಯಲ್ಲಿ ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಆಗುತ್ತದೆ, ನಿಮ್ಮ ಸಂಗಾತಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಿಮೆಯ ಹಣವನ್ನೂ ಉಯಿಲಿನಲ್ಲಿ ಸೇರಿಸಿ. ಭವಿಷ್ಯನಿಧಿಯದು ಇನ್ನೂ ಬಿಗಿ: ನಿಯಮ ಹೇಳುವ ‘ಕುಟುಂಬ’ ನಿಮಗಿದ್ದರೆ, ಉದಾಹರಣೆಗೆ ನಿಮ್ಮನ್ನೇ ನಂಬಿಕೊಂಡ ತಂದೆ-ತಾಯಿ ಇದ್ದರೆ, ಹೊರಗಿನವರ ಹೆಸರಿನಲ್ಲಿ ಮಾಡಿದ ನಾಮಿನೇಷನ್ ನಿಲ್ಲುವುದಿಲ್ಲ.

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ. 2024ರ ಆಗಸ್ಟ್ 28ರಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಟ್ಟಿಗೆ ವಾಸಿಸುವ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಿ ಎಂದೂ, ಹತ್ತಿರದ ಬಂಧುಗಳು ಸಿಗದಿದ್ದಾಗ ಸಂಗಾತಿ ಶವ ಪಡೆಯಲು ಬಿಡಿ ಎಂದೂ ಅದೇ ವರ್ಷ ರಾಜ್ಯಗಳಿಗೆ ಸೂಚನೆ ಹೋಗಿದೆ. ಇವು ಸಲಹೆಯ ರೂಪದ ಪತ್ರಗಳು, ಕಾಯ್ದೆಯಲ್ಲ. ಕೌಂಟರಿನಲ್ಲಿ ಕುಳಿತವರಿಗೆ ತಿಳಿದಿಲ್ಲದಿರಬಹುದು, ಆದ್ದರಿಂದ ಪ್ರತಿಯೊಂದನ್ನು ಮುದ್ರಿಸಿಕೊಂಡು ಹೋಗಿ.

ಆಸ್ಪತ್ರೆಯ ವಿಷಯದಲ್ಲಿ ಹಲವರಿಗೆ ಗೊತ್ತಿರದ ಒಂದು ಅನುಕೂಲವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನ ಪ್ರಕಾರ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ, ನಿಮಗೆ ಬೇಕಾದ ಯಾವ ವಯಸ್ಕರನ್ನಾದರೂ ನಿಮ್ಮ ಪ್ರತಿನಿಧಿಯನ್ನಾಗಿ ನೇಮಿಸಬಹುದು. ರಕ್ತಸಂಬಂಧ ಇರಬೇಕೆಂದಿಲ್ಲ. ದೈಹಿಕ ಕಾಯಿಲೆಗೆ ಇಷ್ಟು ಸರಳವಾದ ಕಾಯ್ದೆ ಇಲ್ಲ. ಆದರೂ ಚೇತರಿಕೆಯ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳುವುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಸುಲಭ ಮಾಡಿದೆ, ನಮ್ಮ ರಾಜ್ಯವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಅದರಲ್ಲಿ ನಿಮ್ಮ ಪರವಾಗಿ ಮಾತನಾಡುವವರ ಜಾಗದಲ್ಲಿ ಸಂಗಾತಿಯ ಹೆಸರು ಬರೆಯಿರಿ.

ಮನೆ ಕೊಳ್ಳುವುದಾದರೆ ಮೊದಲೇ ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ, ಯಾರ ಪಾಲು ಎಷ್ಟು ಎಂಬುದನ್ನೂ ಬರೆಸಿ. ಒಬ್ಬರ ಹೆಸರಿನಲ್ಲಿ ಕೊಂಡು ಆಮೇಲೆ ದಾನಪತ್ರ ಮಾಡುತ್ತೇವೆ ಎಂದರೆ ಎರಡು ಕಡೆ ಪೆಟ್ಟು ಬೀಳುತ್ತದೆ. ಕುಟುಂಬದವರಿಗೆ ಕೊಟ್ಟ ದಾನಕ್ಕೆ ಕರ್ನಾಟಕದಲ್ಲಿ ನಿಗದಿಯಾದ ಸಣ್ಣ ಮೊತ್ತದ ಮುದ್ರಾಂಕ ಶುಲ್ಕ, ನಿಮಗಾದರೆ ಮಾರುಕಟ್ಟೆ ಬೆಲೆಯ ಮೇಲೆ. ಅದರ ಮೇಲೆ ‘ಸಂಬಂಧಿ’ಯಲ್ಲದವರಿಂದ 50,000 ರೂಪಾಯಿಗಿಂತ ಹೆಚ್ಚಿನ ಉಡುಗೊರೆ ಬಂದರೆ ಪಡೆದವರು ಆದಾಯ ತೆರಿಗೆಯನ್ನೂ ಕಟ್ಟಬೇಕು. ಗಂಡ ಹೆಂಡತಿಗೆ ಒಂದು ಕೋಟಿ ಕೊಟ್ಟರೂ ಈ ತೆರಿಗೆ ಇಲ್ಲ. ಉಯಿಲಿನ ಮೂಲಕ ಬಂದದ್ದಕ್ಕೂ ಇಲ್ಲ.

ಇಷ್ಟನ್ನೂ ಮಾಡಿಸಿಕೊಂಡ ಮೇಲೆ ಮೂಲಪ್ರತಿಗಳನ್ನು ಒಂದು ಕಡತದಲ್ಲಿಟ್ಟು, ನೀವು ನಂಬುವ ಮೂರನೆಯವರೊಬ್ಬರಿಗೆ ಅದು ಎಲ್ಲಿದೆ ಎಂದು ಹೇಳಿಡಿ. ನಾನು ಮೇಲೆ ಹೇಳಿದ ಆ ಇಬ್ಬರು ಹೆಂಗಸರು ಆಸ್ಪತ್ರೆಯಿಂದ ಮನೆಗೆ ಬಂದ ಮುಂದಿನ ತಿಂಗಳೇ ಉಯಿಲು ಮಾಡಿಸಲು ಬಂದರು. ಸಾಕ್ಷಿ ಹಾಕಿದವರಲ್ಲಿ ಒಬ್ಬರು ಆ ಅಣ್ಣ.